ಎಷ್ಟರಲ್ಲಿ ಮುಗಿಸಿದಿರಿ?

ವಿಜ್ಞಾನ ಪ್ರದರ್ಶನಕ್ಕೆ ಮಾದರಿ ತಂದಾಗ ನಮ್ಮಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಕಡಿಮೆ ಸಾಮಾನು, ಕಡಿಮೆ ಖರ್ಚು ಎಂದರೆ ಒಳ್ಳೆಯ ವಿನ್ಯಾಸ ಎಂದೇ ಲೆಕ್ಕ. ಎರಡನೇ ಮಹಾಯುದ್ಧದ ಉಗಿ ಇಂಜಿನ್‌ಗಳ ಬಗ್ಗೆ ಓದಿದ ಮೇಲೆ ಆ ಪ್ರಶ್ನೆ ಸಾಲದು ಎಂದು ನನಗೆ ಅನಿಸಿದೆ.

ಜರ್ಮನಿಯ 50ನೇ ವರ್ಗದ ಇಂಜಿನ್‌ನಲ್ಲಿ ಸುಮಾರು 6,000 ಭಾಗಗಳಿದ್ದವು. ಯುದ್ಧ ಬಂತು. ಸಮಯವೂ ಇಲ್ಲ, ತಾಮ್ರವೂ ಇಲ್ಲ. 1942ರಲ್ಲಿ ಅದನ್ನೇ ಸರಳಗೊಳಿಸಿ 52ನೇ ವರ್ಗ ಮಾಡಿದರು. ಸುಮಾರು 1,000 ಭಾಗಗಳನ್ನು ಬಿಟ್ಟೇಬಿಟ್ಟರು, ಇನ್ನೂ ಸಾವಿರಾರು ಭಾಗಗಳನ್ನು ಸುಲಭವಾಗಿ ತಯಾರಾಗುವಂತೆ ಬದಲಿಸಿದರು. ಹೀಗೆ 6,000ಕ್ಕೂ ಹೆಚ್ಚು ಇಂಜಿನ್‌ಗಳು ಹೊರಬಂದವು.

ಏನನ್ನು ಬಿಡಲಿಲ್ಲ ಎಂಬುದು ನನಗೆ ಇನ್ನೂ ಕುತೂಹಲದ ವಿಷಯ. ಬಾಯ್ಲರ್ ಒತ್ತಡ 16 ಬಾರ್, ಐದು ಜೋಡಿ ಚಾಲಕ ಚಕ್ರಗಳು, ಗಂಟೆಗೆ 80 ಕಿ.ಮೀ. ವೇಗ, ಎಲ್ಲವೂ ಹಾಗೆಯೇ ಉಳಿದವು. ಇಂಜಿನ್ ಸುಮಾರು 84 ಟನ್ ತೂಗಿದರೂ ಒಂದೊಂದು ಆಕ್ಸಲ್ ಮೇಲೆ ಬೀಳುತ್ತಿದ್ದ ಭಾರ 15 ಟನ್ ಮಾತ್ರ, ಆದ್ದರಿಂದ ದುರ್ಬಲ ಹಳಿಗಳ ಮೇಲೂ ಓಡಬಲ್ಲದಾಗಿತ್ತು. ಸೇರಿಸಿದ್ದೂ ಉಂಟು. 1941ರ ರಷ್ಯಾದ ಚಳಿಯಲ್ಲಿ ಪೈಪುಗಳು ಹೆಪ್ಪುಗಟ್ಟಿ ಜರ್ಮನ್ ಇಂಜಿನ್‌ಗಳು ಸಾಲುಸಾಲಾಗಿ ನಿಂತಿದ್ದವು. ಹಾಗಾಗಿ ಹೊಸದಕ್ಕೆ ಮುಚ್ಚಿದ ಕ್ಯಾಬ್ ಬಂತು.

ಅಮೆರಿಕದ ಎಸ್-160 ಕೂಡ ಅದೇ ಅವಸರದ ಕೂಸು. 2,120 ಇಂಜಿನ್‌ಗಳು. (ಇದರ ಬ್ರಾಡ್‌ಗೇಜ್ ರೂಪ ಭಾರತಕ್ಕೂ ಬಂದು ಎಡಬ್ಲ್ಯೂಸಿ ಎನಿಸಿಕೊಂಡಿತು.) ಬಾಯ್ಲರ್‌ನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಗೆ ಅದರಲ್ಲಿ ತಿರುಪಿನ ವಾಲ್ವ್ ಇತ್ತು. ಅದು ಪೂರ್ತಿ ತೆರೆದಿದೆಯೋ ಇಲ್ಲವೋ ನೋಡಿದರೆ ಗೊತ್ತಾಗದು. ಅರೆತೆರೆದಿದ್ದರೆ ಕೊಳವೆ ಸುಳ್ಳು ಮಟ್ಟ ತೋರಿಸುತ್ತದೆ. ಫೈರ್‌ಬಾಕ್ಸ್‌ನ ಮೇಲ್ಭಾಗವನ್ನು ತಂಪಾಗಿಡುವುದು ಅದರ ಮೇಲಿನ ನೀರೇ. ನೀರು ಇಳಿದರೆ ಉಕ್ಕು ಕೆಂಪಗೆ ಕಾದು ಮೆತ್ತಗಾಗುತ್ತದೆ, ಮೇಲಿನ ಉಗಿಯ ಒತ್ತಡಕ್ಕೆ ಒಳಕ್ಕೆ ಕುಸಿಯುತ್ತದೆ. ಎದುರಿಗೆ ನಿಂತಿರುವವರು ಡ್ರೈವರ್ ಮತ್ತು ಫೈರ್‌ಮನ್. ಬ್ರಿಟನ್‌ನಲ್ಲಿ 1943ರ ನವೆಂಬರ್‌ನಿಂದ ಒಂದು ವರ್ಷದೊಳಗೆ ಹೀಗೆ ಮೂರು ಸಲ ಆಯಿತು. ಅಲ್ಲಿನ ಸಿಬ್ಬಂದಿಗೆ ರೂಢಿಯಿದ್ದದ್ದು ಹಿಡಿಕೆಯ ಕಾಕ್. ಹಿಡಿಕೆ ಯಾವ ಕಡೆಗಿದೆ ಎಂದು ನೋಡಿದರೆ ಸಾಕಿತ್ತು.

ಇಸ್ರಾಫ್ ಬೇಡ, ದುಂದು ಮಾಡಬೇಡಿ ಎಂದು ಜುಮಾ ಖುತ್ಬಾದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಒಪ್ಪುತ್ತೇನೆ. ಆದರೆ ಉಳಿಸಿದ್ದರ ಭಾರ ಯಾರ ತಲೆ ಮೇಲೆ ಬಿತ್ತು ಎಂದು ಕೇಳದ ಉಳಿತಾಯವನ್ನು ನಾನು ಮೆಚ್ಚಲಾರೆ. 52ನೇ ವರ್ಗದ ಅಂಕಿಅಂಶಗಳ ಪಟ್ಟಿಯಲ್ಲಿ ಸಿಲಿಂಡರ್ ವ್ಯಾಸ 600 ಮಿ.ಮೀ. ಎಂದಿದೆ. ಹೆನ್ಶೆಲ್ ಕಾರ್ಖಾನೆಯಲ್ಲಿ ಬಲವಂತದ ಕೂಲಿಗಳನ್ನು ದುಡಿಸಿಕೊಂಡದ್ದು ಆ ಪಟ್ಟಿಯಲ್ಲಿಲ್ಲ. ಅದೇ ಜರ್ಮನ್ ರೈಲ್ವೆ ಅದೇ ವರ್ಷಗಳಲ್ಲಿ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ್ದೂ ಇಲ್ಲ. ಇಂಜಿನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಯುದ್ಧ ಮುಗಿಯುವವರೆಗೆ ಬಾಳಿದರೆ ಸಾಕೆಂದು ಮಾಡಿದ ಅವುಗಳಲ್ಲಿ ಕೆಲವು ಬೋಸ್ನಿಯಾದ ಕಲ್ಲಿದ್ದಲು ಗಣಿಗಳಲ್ಲಿ ಈ ಶತಮಾನದಲ್ಲೂ ದುಡಿದಿವೆ. ಅರ್ಧ ಪಟ್ಟಿ ಓದಿ ಭೇಷ್ ಎನ್ನಬಾರದು ಎಂಬುದಷ್ಟೇ ನನ್ನ ತಕರಾರು.

ಮುಂದಿನ ಪ್ರದರ್ಶನಕ್ಕೆ ಒಂದು ಸಲಹೆ. ಪ್ರತಿ ಮಾದರಿಯ ಪಕ್ಕದಲ್ಲಿ ಇನ್ನೊಂದು ರಟ್ಟು ಇಡೋಣ. ಇದನ್ನು ಯಾರು ತಯಾರಿಸಿದರು, ಯಾವುದಕ್ಕೆ ಬಳಸಿದರು, ಕೆಟ್ಟರೆ ಮೊದಲು ಪೆಟ್ಟು ಬೀಳುವುದು ಯಾರಿಗೆ ಎಂದು ಅದರಲ್ಲಿ ಬರೆಯೋಣ. ಬರೆಯಲು ಕಲಾ ವಿಭಾಗದವರನ್ನೂ ಕರೆಯೋಣ. ಇತಿಹಾಸ ಓದುವವರು ಪ್ರದರ್ಶನದ ದಿನ ಬರೀ ಕುರ್ಚಿ ಹಾಕಿ ಸುಮ್ಮನಿರುವುದನ್ನು ನೋಡಿ ನನಗಂತೂ ಸಾಕಾಗಿದೆ.