ಮೇಯರ್ ಗೌನು ಬಂತು, ಅಧಿಕಾರ ಎಲ್ಲಿ?

2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಸಚಿವ ಸಂಪುಟ ಸೇರಿತು. ರಾಯಚೂರು, ಬೀದರ್ ನಗರಸಭೆಗಳನ್ನು ಮಹಾನಗರ ಪಾಲಿಕೆ ಮಾಡಲು ಒಪ್ಪಿತು. ಇನ್ನು ರಾಯಚೂರಿಗೆ ಅಧ್ಯಕ್ಷರಲ್ಲ, ಮೇಯರ್! ಸಂತೋಷವೇ. ಆದರೆ ಸಿಹಿ ಹಂಚುವ ಮುನ್ನ ಒಂದು ಲೆಕ್ಕ ಹಾಕಿ.

ನಗರಸಭೆ ಅಧ್ಯಕ್ಷರಿಗೆ 30 ತಿಂಗಳ ಅವಧಿ. 1976ರ ಮಹಾನಗರ ಪಾಲಿಕೆ ಕಾಯ್ದೆ ಮೇಯರ್‌ಗೆ ಬರೆದುಕೊಟ್ಟದ್ದು 12 ತಿಂಗಳು. ಬಡ್ತಿ ಸಿಕ್ಕಿತು, ಆಯುಷ್ಯ ಕಡಿಮೆಯಾಯಿತು! ಮೊದಲ ಮೂರು ತಿಂಗಳು ಹಾರ ತುರಾಯಿ. ಕೊನೆಯ ಮೂರು ತಿಂಗಳು ಮುಂದಿನ ಮೇಯರ್ ಯಾರೆಂಬ ಜಗ್ಗಾಟ. ನಡುವೆ ಉಳಿದ ಆರು ತಿಂಗಳಲ್ಲಿ ಯಾವ ಚರಂಡಿ ಮುಗಿದೀತು? ಬೆಂಗಳೂರಿಗೆ ಮಾತ್ರ 2020ರ ಬಿಬಿಎಂಪಿ ಕಾಯ್ದೆಯಲ್ಲೇ 30 ತಿಂಗಳು ಬರೆದರು. ರಾಜಧಾನಿಗೊಂದು ನ್ಯಾಯ, ರಾಯಚೂರಿಗೊಂದು ನ್ಯಾಯವೆ?

ಅವಧಿಯ ಮಾತು ಹಾಗಿರಲಿ. ಅಧಿಕಾರವಾದರೂ ಉಂಟೆ? ಮೇಯರ್ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ. ಆಡಳಿತ ನಡೆಸುವುದು ಕಮಿಷನರ್. ಕಮಿಷನರನ್ನು ಕಳಿಸುವುದು ವಿಧಾನಸೌಧ. ಮತ ಹಾಕಿದವರು ನೀವು, ಫೈಲಿಗೆ ಸಹಿ ಹಾಕುವವರು ಇನ್ಯಾರೋ. ಹೊರಗೆ ಥಳಕು, ಒಳಗೆ ಹುಳುಕು!

ಅಮೆರಿಕದ ನ್ಯೂಯಾರ್ಕ್ ನಗರದ ಕತೆ ಕೇಳಿ. ಅಲ್ಲಿನ ಮೊದಲ ಮೇಯರ್ ಥಾಮಸ್ ವಿಲೆಟ್‌ನನ್ನು 1665ರಲ್ಲಿ ಇಂಗ್ಲಿಷ್ ಗವರ್ನರ್ ನೇಮಿಸಿದ. ಜನರೇ ಮತ ಹಾಕಿ ಮೇಯರನ್ನು ಆರಿಸಿದ್ದು 1834ರಲ್ಲಿ. ನಡುವೆ 169 ವರ್ಷ ಕಳೆದವು. ಈಗ ಅಲ್ಲಿ ಮೇಯರ್ ಅವಧಿ ನಾಲ್ಕು ವರ್ಷ. ಪೊಲೀಸ್ ಕಮಿಷನರನ್ನು ನೇಮಿಸುವುದೂ ಮೇಯರೇ. 1934ರಿಂದ 1945ರವರೆಗೆ ಮೇಯರ್ ಆಗಿದ್ದ ಲಾ ಗಾರ್ಡಿಯಾ ವಲಸೆ ಬಂದವರ ಮಗ. ಮೊದಲು ಎಲಿಸ್ ದ್ವೀಪದಲ್ಲಿ ವಲಸಿಗರಿಗೆ ದುಭಾಷಿಯಾಗಿ ದುಡಿದವನು. ಇಟಾಲಿಯನ್, ಯಿಡ್ಡಿಷ್ ಮಾತಾಡುವ ಬಡವರೊಂದಿಗೆ ಅವರವರ ಭಾಷೆಯಲ್ಲೇ ಮಾತಾಡುತ್ತಿದ್ದ. ಜನರ ಭಾಷೆ ಬಲ್ಲವನ ಕೈಗೆ 12 ವರ್ಷ ಅಧಿಕಾರವೂ ಸಿಕ್ಕಿತು. ಅವನ ಹೆಸರಿನ ವಿಮಾನ ನಿಲ್ದಾಣ ಇಂದಿಗೂ ಅಲ್ಲಿದೆ.

ನಮ್ಮ ಕತೆ? ಬೆಂಗಳೂರು 1949ರಲ್ಲಿ ಆರ್. ಸುಬ್ಬಣ್ಣನವರನ್ನು ಮೊದಲ ಮೇಯರ್ ಆಗಿ ಕಂಡಿತು. ಅದೇ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿ ಮುಗಿಯಿತು. 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯುವ ತನಕ ಚುನಾವಣೆಯೇ ಇಲ್ಲ, ಮೇಯರೂ ಇಲ್ಲ. ಆಳಿದ್ದು ಅಧಿಕಾರಿಗಳು. ರಾಜಧಾನಿಗೇ ಈ ಗತಿಯಾದರೆ ರಾಯಚೂರನ್ನು ಕೇಳುವವರು ಯಾರು?

ದೇವದುರ್ಗದ, ಮಾನ್ವಿಯ ಗೆಳೆಯರೆ, ಇದು ರಾಯಚೂರಿನವರ ತಕರಾರು ಎಂದು ಪುಟ ತಿರುವಬೇಡಿ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಊರುಗಳ ಜನ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಮತ ಹಾಕಿದರು. ಮೀಸಲಾತಿ ಪಟ್ಟಿ ಕೋರ್ಟಿನಲ್ಲಿ ಸಿಕ್ಕಿಕೊಂಡಿತು. ಅಧ್ಯಕ್ಷರು ಖುರ್ಚಿ ಹತ್ತಿದ್ದು 2020ರ ಕೊನೆಗೆ! ಮೊದಲ 30 ತಿಂಗಳು ಮುಗಿದ ಮೇಲೆ ಎರಡನೆಯ ಅವಧಿಯ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಮತ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಖುರ್ಚಿ ಖಾಲಿ. ಮೀಸಲಾತಿ ತಪ್ಪಲ್ಲ. ದಲಿತರು, ಹಿಂದುಳಿದವರು, ಹೆಣ್ಣುಮಕ್ಕಳು ಆ ಖುರ್ಚಿ ಹತ್ತಿದ್ದೇ ಅದರಿಂದ. ತಪ್ಪು ಹೊತ್ತಿಗೆ ಸರಿಯಾಗಿ ಪಟ್ಟಿ ಮಾಡದ ಸರ್ಕಾರದ್ದು. ಅವರ ಸರದಿ ಬಂದಾಗಲೇ ಖುರ್ಚಿಯ ಕಾಲು ಮುರಿಯುವುದು ಯಾವ ನ್ಯಾಯ?

ಖುರ್ಚಿಯಲ್ಲಿ ಯಾರಿದ್ದರೇನು ಎನ್ನುವಿರಾ? 2022ರ ಬೇಸಿಗೆ ನೆನೆಯಿರಿ. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವೆ ರಾಯಚೂರು. ಅಂಥ ಊರಲ್ಲಿ ನಲ್ಲಿಯ ಕೊಳಕು ನೀರು ಕುಡಿದು ಜನ ಸತ್ತರು. ಹೊಣೆ ಯಾರದು? ಅಧಿಕಾರ ಒಬ್ಬರ ಕೈಯಲ್ಲಿ, ಮತದ ಋಣ ಇನ್ನೊಬ್ಬರ ತಲೆ ಮೇಲೆ ಇರುವ ತನಕ ಈ ಪ್ರಶ್ನೆಗೆ ಉತ್ತರ ಸಿಗದು.

ಇನ್ನು ಭಾಷೆ. 1948ರವರೆಗೆ ನಿಜಾಮನ ಕಚೇರಿಯಲ್ಲಿ ಉರ್ದು ನಡೆಯುತ್ತಿತ್ತು. ಕನ್ನಡಿಗ ರೈತ ತನ್ನ ಹೊಲದ ಕಾಗದ ಓದಿಸಲು ಬೇರೆಯವರ ಮನೆ ಬಾಗಿಲಿಗೆ ಹೋಗಬೇಕಿತ್ತು. 1956ರಲ್ಲಿ ನಾಡು ಒಂದಾಯಿತು. 1963ರಲ್ಲಿ ರಾಜ್ಯ ಭಾಷಾ ಕಾಯ್ದೆ ಬಂತು. ಹೀಗಿರುವಾಗ ಟೆಂಡರ್ ಷರತ್ತು, ಗುತ್ತಿಗೆಯ ಕರಾರು, ನೀರಿನ ಪರೀಕ್ಷೆಯ ವರದಿ ಇಂಗ್ಲಿಷಿನಲ್ಲಿ ಬಂದರೆ ಸುಮ್ಮನಿರಬಹುದೆ? ಓದಲಾಗದ ಲೆಕ್ಕ ಕೇಳಲಾಗದ ಲೆಕ್ಕ. ಬರೀ ಬೋರ್ಡಿಗೆ ಕನ್ನಡ ಬಂದರೆ ಸಾಲದು, ಫೈಲಿನೊಳಕ್ಕೂ ಬರಬೇಕು.

ಆದ್ದರಿಂದ ಕೇಳಿ. ಮೇಯರ್‌ಗೆ ಕನಿಷ್ಠ 30 ತಿಂಗಳು ಕೊಡಿ ಎಂದು ಶಾಸಕರನ್ನು ಕೇಳಿ. ಅವಧಿ ಮುಗಿಯುವ ಮುನ್ನ ಚುನಾವಣೆ, ಮತ ಎಣಿಸುವ ಮುನ್ನ ಮೀಸಲಾತಿ ಪಟ್ಟಿ ಕೇಳಿ. ಪಾಲಿಕೆಯಾದ ಊರಿಗೆ ವಾರ್ಡ್ ಸಮಿತಿ ಕಾನೂನಿನಲ್ಲೇ ಇದೆ, ಅದನ್ನು ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ನಿಮ್ಮ ಓಣಿಯ ನೀರಿನ ತೊಟ್ಟಿ ಕೊನೆಗೆ ತೊಳೆದದ್ದು ಯಾವಾಗ ಎಂಬ ಒಂದೇ ಸಾಲಿನ ಪ್ರಶ್ನೆಯಿಂದ ಶುರು ಮಾಡಿ.

ಗೌನು ಯಾರು ತೊಟ್ಟರೂ ಚೆಂದವೇ. ಅದನ್ನು ತೊಟ್ಟವರು ನಿಮಗೆ ಕನ್ನಡದಲ್ಲಿ ಉತ್ತರ ಕೊಡುವ ಹಾಗೆ ಮಾಡುವುದು ನಿಮ್ಮ ಕೆಲಸ.