ಪದವೀಧರರೂ ಸ್ವತಂತ್ರೋದ್ಯಮವೂ

ವಿಶ್ವವಿದ್ಯಾನಿಲಯಗಳಿಂದ ಹೊರಬರುವ ತರುಣರು ಚಾಕರಿಯನ್ನು ಅರಸದೆ ಸ್ವಂತವಾಗಿ ಡಿಜಿಟಲ್ ಉದ್ಯಮಗಳನ್ನು ಸ್ಥಾಪಿಸಬೇಕೆಂದು ಘಟಿಕೋತ್ಸವದ ಭಾಷಣಗಳಲ್ಲಿ ಉಪದೇಶಿಸುವುದು ಈಗ ವಾಡಿಕೆಯಾಗಿದೆ. ಉಪದೇಶವು ಸಾಧುವಾದುದೇ. ಆದರೆ ತರುಣರ ಮನಸ್ಸು ಅತ್ತ ತಿರುಗುವುದು ಯಾವುದರಿಂದ ಎಂಬುದನ್ನು ಉಪದೇಶಕರು ವಿಚಾರಿಸಿದಂತೆ ತೋರುವುದಿಲ್ಲ.

ಮನೋವಿಜ್ಞಾನಿಯಾದ ಐಸೆಕ್ ಆಜನ್ ಎಂಬವರು 1991ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ, ಮನುಷ್ಯನ ಸಂಕಲ್ಪಕ್ಕೆ ಮೂರು ಮೂಲಗಳುಂಟು: ಆ ಕಾರ್ಯದಲ್ಲಿ ತನಗಿರುವ ಆದರ, ತನ್ನವರ ಸಮ್ಮತಿ, ತನ್ನಿಂದ ಆದೀತೆಂಬ ಧೈರ್ಯ. ಮೊದಲನೆಯದಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಬೆಂಗಳೂರಿನ ಉದಾಹರಣೆಗಳು ಎಲ್ಲರ ಬಾಯಲ್ಲಿಯೂ ಇವೆ. ಆದರೆ 1981ರಲ್ಲಿ ಇನ್ಫೋಸಿಸನ್ನೂ 2006ರಲ್ಲಿ ರೆಡ್‌ಬಸ್ಸನ್ನೂ 2007ರಲ್ಲಿ ಫ್ಲಿಪ್‌ಕಾರ್ಟನ್ನೂ ಆರಂಭಿಸಿದವರು ಮೊದಲು ಅನ್ಯರಲ್ಲಿ ದುಡಿದು ಕೈಪಳಗಿಸಿಕೊಂಡವರೆಂಬುದನ್ನು ಹೊಗಳುವವರು ಮರೆಯುತ್ತಾರೆ. ಅವರ ಧೈರ್ಯವು ಭಾಷಣದಿಂದ ಬಂದುದಲ್ಲ.

ತನ್ನವರ ಸಮ್ಮತಿಯ ಮಾತು ಬೇರೆ. ಸಾಲಮಾಡಿ ಮಗನನ್ನು ಓದಿಸಿದ ತಂದೆಯು ಮಾಸಿಕ ವೇತನವನ್ನು ಅಪೇಕ್ಷಿಸಿದರೆ ಅವನನ್ನು ಹೇಡಿಯೆಂದು ಹಳಿಯುವುದು ನ್ಯಾಯವಲ್ಲ. ವ್ಯಾಸಂಗ ಮುಗಿದು ಒಂದು ವರ್ಷವಾಗುತ್ತಲೇ ಸಾಲದ ಕಂತು ಬಾಗಿಲಿಗೆ ಬರುತ್ತದೆ. ಹೊಸ ಉದ್ಯಮವಾದರೋ ಅಷ್ಟರಲ್ಲಿ ತನ್ನ ಖರ್ಚನ್ನು ತಾನು ಗಳಿಸುವುದೇ ಅಪೂರ್ವ. ಹೆಣ್ಣುಮಕ್ಕಳಿಗಂತೂ ಇದರೊಡನೆ ವಿವಾಹದ ಒತ್ತಾಯವೂ ಸೇರುತ್ತದೆ.

ಕಾಲೇಜುಗಳಾದರೂ ಧೈರ್ಯ ಕೊಡುತ್ತಿವೆಯೆ? ಇಷ್ಟು ಮಂದಿಗೆ ಇಷ್ಟು ಲಕ್ಷದ ನೌಕರಿಯೆಂದು ಸಾರುವುದೇ ಅವುಗಳ ಹಿರಿಮೆಯಾಗಿದೆ. (ಇಂತಹ ಜಾಹೀರಾತುಗಳು ನಮ್ಮ ಪತ್ರಿಕೆಗೂ ಬರುವುದುಂಟು.) ಉದ್ಯಮಕ್ಕಾಗಿ ವಿದ್ಯಾರ್ಥಿಯು ವ್ಯಾಸಂಗವನ್ನು ಕೆಲಕಾಲ ನಿಲ್ಲಿಸಿ ಮತ್ತೆ ಮುಂದುವರಿಸಬಹುದೆಂದು ಕೇಂದ್ರ ಸರ್ಕಾರದವರು 2019ರ ನೀತಿಯಲ್ಲಿ ಸೂಚಿಸಿದ್ದಾರೆ. ಹಾಜರಿ ಪುಸ್ತಕವನ್ನೇ ಶಾಸ್ತ್ರವೆಂದು ತಿಳಿದ ಪ್ರಾಂಶುಪಾಲರಲ್ಲಿ ಇದನ್ನು ಕೇಳುವ ಎದೆ ಯಾವ ಬಾಲಕನಿಗಿದೆ? ಬೆಂಗಳೂರಿನ ಹೊರಗಣ ಕಾಲೇಜುಗಳಲ್ಲಿ ರಾಜ್ಯ ಸರ್ಕಾರದವರು ನವೋದ್ಯಮ ಪೋಷಣಾ ಕೇಂದ್ರಗಳನ್ನು ತೆರೆದುದು ಶ್ಲಾಘ್ಯವೇ. ಆದರೆ ಕೊಠಡಿಯೂ ಗಣಕಯಂತ್ರವೂ ವ್ಯಾಪಾರವನ್ನು ಕಲಿಸಲಾರವು. ದಾವಣಗೆರೆಯ ಮಂಡಿಯ ವರ್ತಕರೂ ಹುಬ್ಬಳ್ಳಿಯ ಸಗಟು ವ್ಯಾಪಾರಿಗಳೂ ತಮ್ಮ ಲೆಕ್ಕದ, ಸಾಗಾಣಿಕೆಯ ತೊಡಕುಗಳನ್ನು ಈ ಹುಡುಗರ ಮುಂದಿಟ್ಟು, ಕೆಲಸಕ್ಕೆ ತಕ್ಕ ಹಣವನ್ನು ಕೊಟ್ಟರೆ ಮೊದಲನೆಯ ಗಿರಾಕಿ ದೊರೆತಂತಾಗುವುದು.

ಬ್ಯಾಂಕಿನವರಿಗೂ ನಮ್ಮದೊಂದು ಮಾತಿದೆ. ಸ್ವಂತ ಉದ್ಯಮಕ್ಕೆ ಕೈಹಾಕಿದವರ ವಿದ್ಯಾಸಾಲದ ಗಡುವನ್ನು ಮುಂದೂಡಲು ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ನಿಯಮದಲ್ಲಿ ಅವಕಾಶವುಂಟು. ಸಾಲಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ದಿನವೇ ವ್ಯವಸ್ಥಾಪಕರು ಇದನ್ನು ತಂದೆಗೂ ಮಕ್ಕಳಿಗೂ ಕನ್ನಡದಲ್ಲಿ ಓದಿ ಹೇಳಲಿ.