ಎರಡನೇ ಸಲ ಹೋಗುವ ಮುನ್ನ

ಕಬ್ಬಿನ ಹಣ ಕೈಗೆ ಬಂದ ವರ್ಷ ಕೊಪ್ಪದ ಕಡೆಯ ಮಕ್ಕಳು ಬೇಸಿಗೆ ರಜೆಯಲ್ಲಿ ಹಿಡಿಯುವ ಹಟ ಒಂದೇ: ಬಿಡದಿ ಬಳಿಯ ವಂಡರ್‌ಲಾ. 2005ರಲ್ಲಿ ಶುರುವಾದ ಈ ಪಾರ್ಕಿಗೆ ಮದ್ದೂರು ದಾಟಿ ಬೆಂಗಳೂರು ರಸ್ತೆ ಹಿಡಿದರಾಯಿತು. ಮೊದಲ ಸಲ ಹೋದವರು ಹತ್ತಿ ಬಟ್ಟೆಯಲ್ಲಿ ನೀರಾಟಕ್ಕೆ ಹೊರಟು ಪೇಚಾಡುತ್ತಾರೆ. ಮರುಸಲ ನೈಲಾನ್ ಬಟ್ಟೆ ಚೀಲದಲ್ಲಿರುತ್ತದೆ. ಅದು ಸಣ್ಣ ವಿಷಯ.

ಮಕ್ಕಳು ಅಳುವುದು ಎತ್ತರದ ಗೆರೆಯ ಮುಂದೆ. ತಲೆ ಗೆರೆ ಮುಟ್ಟದ ಮಗುವನ್ನು ದೊಡ್ಡ ಆಟಗಳಿಗೆ ಹತ್ತಿಸುವುದಿಲ್ಲ. ‘ಒಂದು ಬೆರಳು ತಾನೇ, ಬಿಟ್ಬಿಡಿ ಸಾರ್’ ಎಂದು ತಂದೆ ಗೋಗರೆಯುವುದುಂಟು. ಗೋಗರೆಯಬಾರದು. ಆಸನದ ಮೇಲೆ ಬಿಗಿಯುವ ಸರಳು ನಿರ್ದಿಷ್ಟ ಅಳತೆಯ ಮೈಗೆಂದೇ ಮಾಡಿದ್ದು. ಗಾಡಿ ದಿಢೀರನೆ ತಿರುಗಿದಾಗ ಮೈ ಮಾತ್ರ ನೇರಕ್ಕೇ ಹೋಗಲು ನೋಡುತ್ತದೆ. ಒಂಬತ್ತನೇ ತರಗತಿಯ ಜಡತ್ವದ ಪಾಠ ಇದೇ. ಆಗ ಚಿಕ್ಕ ಮೈ ಸರಳಿನ ಸಂದಿಯಿಂದ ಜಾರಬಹುದು.

ಹೊರಡುವ ಮೊದಲು ಮನೆಯ ಗೋಡೆಗೆ ಮಗುವನ್ನು ನಿಲ್ಲಿಸಿ, ಬರಿಗಾಲಲ್ಲಿ, ಸಂಜೆ ಹೊತ್ತು ಅಳೆಯಿರಿ. ದಿನವಿಡೀ ಓಡಾಡಿದ ಮೇಲೆ ಬೆನ್ನೆಲುಬಿನ ಮೆತ್ತೆಗಳು ಅದುಮಿಕೊಂಡು ಎತ್ತರ ಸುಮಾರು 1 ಸೆಂ.ಮೀ. ತಗ್ಗಿರುತ್ತದೆ. ಬೆಳಗಿನ ಅಳತೆ ನಂಬಿ ಹೋದರೆ ಮಧ್ಯಾಹ್ನ ಗೆರೆಯ ಮುಂದೆ ನಿರಾಸೆ. ಯಾವ ಆಟ ಈ ವರ್ಷ ಇಲ್ಲ ಎಂಬುದನ್ನು ಊರಲ್ಲೇ ಹೇಳಿಬಿಡಿ. ಗೋಡೆಯ ಗೆರೆ ಮಾತ್ರ ಅಳಿಸಬೇಡಿ, ಮುಂದಿನ ವರ್ಷಕ್ಕೆ ಬೇಕು.